ಮುಂದಿನ ತಾರೀಖಿನ ಮರ್ಯಾದೆ

ಕುವೈತ್,
೧೮ ಸೆಪ್ಟೆಂಬರ್ ೧೯೮೨, ಶನಿವಾರ ಬೆಳಿಗ್ಗೆ

ನನ್ನ ದೊಡ್ಡಪ್ಪನ ಮಗ, ನನ್ನ ಮೂವರು ಮಕ್ಕಳ ತಂದೆ, ಸದ್ಯ ಫೈಲಾಕಾ ದ್ವೀಪದಲ್ಲಿ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಅಡಗಿ ಕುಳಿತಿರುವ ಮರ್ಜೂಕ್ ಅವರಿಗೆ ಸಬೀಕಾಳ ಸಲಾಮು.

ನೀವು ಕ್ಷೇಮ ಎಂದು ನನಗೆ ಗೊತ್ತು, ಏಕೆಂದರೆ ನಿಮ್ಮ ಕೆಮ್ಮು ಕೇಳಿಸುತ್ತಿದೆ. ನಾನು ಫೋನ್ ಮಾಡಿದಾಗಲೆಲ್ಲ ಶಾಹಾ ಅಕ್ಕ ಎತ್ತಿಕೊಂಡು, "ಅವನಿಲ್ಲ ಕಣೇ, ಮೀನು ಹಿಡಿಯೋಕೆ ಹೋಗಿದ್ದಾನೆ" ಎನ್ನುತ್ತಾರೆ. ಅದೇ ಹೊತ್ತಿಗೆ ಅವರ ಬೆನ್ನ ಹಿಂದೆ, ಇಪ್ಪತ್ತಾರು ವರ್ಷದಿಂದ ನಾನು ಪಕ್ಕದ ದಿಂಬಿನಲ್ಲಿ ಕೇಳಿಕೊಂಡು ಬಂದ ಕೆಮ್ಮು. ಮೊನ್ನೆ ನಾನು, "ಅಕ್ಕಾ, ಆ ಮೀನಿಗೆ ಸ್ವಲ್ಪ ಜೇನು, ನಿಂಬೆರಸ ಕೊಡಿ" ಎಂದೆ. ಅವರು ಫೋನ್ ಇಟ್ಟೇಬಿಟ್ಟರು. ಜೀವಮಾನದಲ್ಲಿ ಸುಳ್ಳು ಹೇಳದ ಹೆಂಗಸಿಗೆ ಅರವತ್ತನೇ ವಯಸ್ಸಿನಲ್ಲಿ ನೀವು ಅದನ್ನು ಕಲಿಸುತ್ತಿದ್ದೀರಿ.

ಇಲ್ಲಿ ನಾನೂ ಎಲ್ಲರಿಗೂ ಮೀನಿನ ಕಥೆಯನ್ನೇ ಹೇಳಿದ್ದೇನೆ. ಮೊದಲ ವಾರ ನಂಬಿದರು. ಈಗ ಇಪ್ಪತ್ತಮೂರು ದಿನವಾಯಿತು. ಪಕ್ಕದ ಮನೆಯಾಕೆ ನಿನ್ನೆ ಗೋಡೆಯಾಚೆಯಿಂದ, "ಏನ್ರೀ ಸಬೀಕಾ, ನಿಮ್ಮೆಜಮಾನ್ರು ಹಿಡಿದ ಮೀನೆಲ್ಲ ಎಲ್ಲಿ? ಒಂದು ಮುಳ್ಳಾದ್ರೂ ಕಳಿಸಬಾರದಾ?" ಎಂದು ಕೇಳಿದಳು. ನಾನು ಮಾರುಕಟ್ಟೆಯಿಂದ ಎರಡು ಜುಬೈದಿ ಮೀನು ತಂದು, ಐಸ್ ತೊಳೆದು, ನೀವು ಕಳಿಸಿದ್ದೆಂದು ಅವಳಿಗೆ ಕೊಟ್ಟೆ. ನಿಮ್ಮ ಮಾನ ಉಳಿಸಲು ಕಿಲೋಗೆ ಎಷ್ಟಾಯಿತೆಂದು ಬರೆಯುವುದಿಲ್ಲ.

ದೋಣಿ ನಡೆಸುವ ನಾಖುದಾ ಅಲ್ಲೂಶ್ ಕೈಯಲ್ಲಿ ಈ ಪತ್ರದ ಜೊತೆ ನಿಮ್ಮ ರಕ್ತದೊತ್ತಡದ ಮಾತ್ರೆ, ಇಸ್ತ್ರಿ ಮಾಡಿದ ಎರಡು ನಿಲುವಂಗಿ, ಏಲಕ್ಕಿ ಜಾಸ್ತಿ ಹಾಕಿದ ಕಾಫಿಪುಡಿ ಕಳಿಸಿದ್ದೇನೆ. ಫೆರ್ರಿಯವರ ಮೇಲೆ ನನಗೆ ನಂಬಿಕೆಯಿಲ್ಲ. ಅವರು ನಿಮ್ಮ ಅಕ್ಕನ ಕೈಗೆ ಕೊಟ್ಟು ಬರುತ್ತಾರೆ, ಅಕ್ಕ ಅದನ್ನು ಅಕ್ಕಿ ಡಬ್ಬದಲ್ಲಿ ಹಾಕುತ್ತಾರೆ. ನೀವು ಓದಿ ಮುಗಿಸುವವರೆಗೂ ಜಾಗ ಬಿಟ್ಟು ಕದಲಬೇಡ ಎಂದು ಅಲ್ಲೂಶ್‌ಗೆ ಹೇಳಿದ್ದೇನೆ. ಅವನು ಕಿವುಡನಲ್ಲ, ನೀವು ಬಯ್ದರೆ ನನಗೆ ಬಂದು ಹೇಳುತ್ತಾನೆ.

ಈಗ ವಿಷಯಕ್ಕೆ ಬರುತ್ತೇನೆ. ಸರ್ಕಾರದ ಆಜ್ಞೆಯನ್ನು ರೇಡಿಯೋದಲ್ಲಿ ಕೇಳಿರುತ್ತೀರಿ. ಮುಂದಿನ ತಾರೀಖು ಹಾಕಿ ಬರೆದ ಚೆಕ್ಕು ಯಾರ ಯಾರ ಹತ್ತಿರ ಇದೆಯೋ, ಅವರೆಲ್ಲ ಬರುವ ಬುಧವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಅವನ್ನು ತಂದು, ಕೌಂಟರಿನಲ್ಲಿ ಸಹಿ ಹಾಕಿ ನೋಂದಾಯಿಸಬೇಕು. ನೋಂದಾಯಿಸದ ಚೆಕ್ಕು ಆಮೇಲೆ ಹಲ್ವಾ ಕಟ್ಟಿಕೊಡುವುದಕ್ಕೂ ಬಾರದು. ನೀವು ಇದನ್ನು ಕೇಳಿದ ದಿನವೇ ರೇಡಿಯೋ ಆರಿಸಿ, "ಗುಮಾಸ್ತನ ಮುಂದೆ ನನ್ನ ಮುಖ ಮಾರಿಕೊಳ್ಳೋಕೆ ನಾನು ಹೋಗಲ್ಲ" ಎಂದಿರಂತೆ. ನಿಮ್ಮ ಅಕ್ಕ ಫೋನಿನಲ್ಲಿ ಬಾಯಿ ತಪ್ಪಿ ಹೇಳಿದರು. ಅವರನ್ನು ಬಯ್ಯಬೇಡಿ.

ನೀವು ಬಾರದಿದ್ದರೆ ಈ ಮನೆ ಹೋಗುತ್ತದೆ, ಮರ್ಜೂಕ್. ನನ್ನ ತಂದೆ ನನ್ನ ಹೆಸರಿಗೆ ಬರೆದುಕೊಟ್ಟ ಮನೆ. ಹಿತ್ತಿಲಲ್ಲಿ ನೀವು ನೆಟ್ಟ ಬೋರೆ ಮರ ಇರುವ ಮನೆ. ನಿಮ್ಮ ಸಾಲಕ್ಕೆ ನನ್ನ ಮನೆ ಹೇಗೆ ಹೋಗುತ್ತದೆ ಎಂದು ನೀವು ಕೇಳುತ್ತೀರಿ. ಅದನ್ನು ಹೇಳುವುದಕ್ಕೇ ನಾಲ್ಕು ದಿನದಿಂದ ಪತ್ರ ಬರೆದು ಹರಿಯುತ್ತಿದ್ದೇನೆ. ಇದು ಐದನೆಯದು. ಕುಳಿತುಕೊಂಡು ಓದಿ. ಮೊದಲು ಮಾತ್ರೆ ನುಂಗಿ.

ಮೊದಲಿನಿಂದ ಹೇಳುತ್ತೇನೆ. ಕಳೆದ ವರ್ಷ ನೀವು ಶಾಲೆಗೆ ರಜೆ ಹಾಕಿ, ಹಿಂದೆ ಒಂಟೆಗಳನ್ನು ಮಂಡಿಯೂರಿಸುತ್ತಿದ್ದ ಜಾಗದ ಆ ಕಟ್ಟಡಕ್ಕೆ ಷೇರು ವ್ಯಾಪಾರ ಮಾಡಲು ಹೋಗತೊಡಗಿದಿರಿ. ನಾಲ್ಕು ಹೆಜ್ಜೆ ಆಚೆ ಸರ್ಕಾರದ ಸರಿಯಾದ ಷೇರು ಮಾರುಕಟ್ಟೆ ಇತ್ತು. ಅಲ್ಲೇಕೆ ಹೋಗುವುದಿಲ್ಲ ಎಂದು ಕೇಳಿದೆ. "ಅಲ್ಲಿ ಬರೀ ನಿಯಮ ಕಣೇ. ಅದು ತೋರಿಸು, ಇದು ತೋರಿಸು ಅಂತಾರೆ. ಇಲ್ಲಿ ಎಲ್ಲರೂ ಮರ್ಯಾದಸ್ಥರು, ಮಾತೇ ಸಾಕು" ಎಂದಿರಿ. ನಾನು ಆ ದಿನವೇ ಪ್ರಶ್ನೆ ಕೇಳಬೇಕಾಗಿತ್ತು. ಮರ್ಯಾದಸ್ಥರಿಗೆ ತೋರಿಸಲು ಏನು ನಾಚಿಕೆ ಎಂದು. ಕೇಳಲಿಲ್ಲ, ಏಕೆಂದರೆ ಅವತ್ತು ನೀವು ನನಗೆ ಚಿನ್ನದ ಡಾಬು ತಂದಿದ್ದಿರಿ.

ನಿಮ್ಮ ಪ್ರೀತಿಯ ಷೇರು ಯಾವುದು? ಹಿಮಗಡ್ಡೆ ಮತ್ತು ಮುತ್ತು ಕಂಪನಿ. ಐಸು ಮಾಡುತ್ತದೆಯೋ ಮುತ್ತು ತೆಗೆಯುತ್ತದೆಯೋ ಎಂದು ಕೇಳಿದರೆ, "ಎರಡೂ ಮಾಡುತ್ತೆ, ಸದ್ಯಕ್ಕೆ ಯಾವುದೂ ಮಾಡ್ತಿಲ್ಲ" ಎಂದಿರಿ. ಕಚೇರಿ ಎಲ್ಲಿ ಎಂದರೆ ಬೇರೆ ಎಮಿರೇಟಿನ ಒಂದು ಅಂಚೆಪೆಟ್ಟಿಗೆಯ ನಂಬರು ಹೇಳಿದಿರಿ. ಇಪ್ಪತ್ತೇಳು ವರ್ಷ ಭೂಗೋಳ ಕಲಿಸಿದ ಮೇಷ್ಟ್ರು ನೀವು! ಬೊಲಿವಿಯಾದ ರಾಜಧಾನಿ ಕೇಳಿದರೆ ಒಂದಲ್ಲ, ಎರಡು ಹೆಸರು ಹೇಳುತ್ತೀರಿ. ಸ್ವಂತ ದುಡ್ಡು ಯಾವ ಊರಲ್ಲಿದೆ ಎಂದರೆ ನಕ್ಷೆಯೇ ಇಲ್ಲ.

ಆದರೂ ದುಡ್ಡು ಬಂತು, ಅಥವಾ ಬಂದಂತೆ ಆಯಿತು. ಒಂದು ದಿನಾರಿನ ಷೇರನ್ನು ನೀವು ನಾಲ್ಕು ದಿನಾರಿಗೆ ಮಾರಿ ಬಂದಿರಿ. ಕೊಂಡವನು ಬೂ ಸಕರ್, ಅಂದರೆ ಸಕರ್‌ನ ತಂದೆ, ಮೂಲೆಯಲ್ಲಿ ಬಾಯಿ ಮುಚ್ಚಿ ಕುಳಿತಿರುವ ಆ ಬಿಳಿ ಗಡ್ಡದ ಮನುಷ್ಯ. ಕೈಗೆ ಕೊಟ್ಟದ್ದು ದುಡ್ಡಲ್ಲ, ಡಿಸೆಂಬರಿನ ತಾರೀಖು ಹಾಕಿದ ಚೆಕ್ಕು. ನೀವು ಆ ಚೆಕ್ಕನ್ನು ಬೆಳಕಿಗೆ ಹಿಡಿದು ತೋರಿಸಿ, "ನೋಡು, ಎಂಥ ಸಹಿ! ಎದೆಗಾರಿಕೆ ಇರೋನು. ಮಾತೇ ಆಡಲ್ಲ, ಸುಮ್ನೆ ಕೊಳ್ತಾನೆ" ಎಂದು ಎರಡು ದಿನ ಹೊಗಳಿದಿರಿ. ಆಮೇಲೆ ಅದೇ ಡಿಸೆಂಬರಿನ ದುಡ್ಡು ನಂಬಿ ದೀಪದ ಗೊಂಚಲು ತರಿಸಿದಿರಿ.

ಆ ಗೊಂಚಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಇಟಲಿಯ ಯಾವುದೋ ಅರಮನೆಗೆ ಮಾಡಿದ್ದು. ನಮ್ಮ ಚಾವಣಿಗೆ ತೂಗಿಸಿದ ಮೇಲೆ ಅದಕ್ಕೂ ನೆಲಕ್ಕೂ ನಡುವೆ ಒಂದೂವರೆ ಗಜ ಉಳಿಯಿತು. ಸಂಜೆ ಹರಟೆಗೆಂದು ನಿಮ್ಮ ದಿವಾನಿಯಾಕ್ಕೆ ಬರುತ್ತಿದ್ದ ಗಂಡಸರೆಲ್ಲ ಬಾಗಿಲಿನಿಂದ ಗೋಡೆ ಹಿಡಿದು, ಬಾಗಿ, ಕೂರುವ ಜಾಗಕ್ಕೆ ತೆವಳುತ್ತಿದ್ದರು. ನಿಮ್ಮ ಹಳೆಯ ಸ್ನೇಹಿತ ಬೂ ಮಿಶಾರಿಯವರ ತಲೆಯ ಮೇಲಿನ ಕಪ್ಪು ಹುರಿ ಸಿಕ್ಕಿಕೊಂಡು, ಕಾಫಿ ಬಡಿಸುವವನು ಸ್ಟೂಲು ಹತ್ತಿ ಬಿಡಿಸಬೇಕಾಯಿತು. ನೀವು ಮಾತ್ರ ಅದರ ಕೆಳಗೆ ಕುಳಿತು, "ಮಾರುಕಟ್ಟೆಗೆ ಅದರದೇ ಬುದ್ಧಿ ಇರುತ್ತೆ, ಸರ್ಕಾರ ಕೈ ಹಾಕಬಾರದು" ಎಂದು ಉಪನ್ಯಾಸ ಮಾಡುತ್ತಿದ್ದಿರಿ. ನಾನು ಪರದೆಯ ಹಿಂದೆ ನಿಂತು ಕೇಳುತ್ತಿದ್ದೆ.

ಪರದೆಯ ಹಿಂದೆ ನಿಲ್ಲುವುದೇ ನನ್ನ ತಪ್ಪಾಯಿತು. ಏಪ್ರಿಲ್‌ನಲ್ಲಿ ಒಂದು ದಿನ ನೀವು ಫೋನಿನಲ್ಲಿ ಯಾರಿಗೋ ಪಿಸುಗುಟ್ಟುತ್ತಿದ್ದಿರಿ: "ಹಿಮಗಡ್ಡೆ ಈದ್ ಹೊತ್ತಿಗೆ ಹನ್ನೆರಡು ಮುಟ್ಟುತ್ತೆ. ಒಳಗಿನವರೇ ಹೇಳಿದ್ದು. ಯಾರಿಗೂ ಹೇಳ್ಬೇಡ." ನೀವು ಷೇರು ಮಾರಲು ಬೆಲೆ ಏರಿಸುತ್ತಿದ್ದಿರಿ ಎಂದು ನನಗೆ ಹೇಗೆ ಗೊತ್ತಾಗಬೇಕು? ಗಂಡ ಹೊರಗಿನವರಿಗೆ ಸುಳ್ಳು ಹೇಳಬಹುದು, ಪಿಸುಗುಟ್ಟುವಾಗ ನಿಜ ಹೇಳುತ್ತಾನೆ ಎಂದುಕೊಂಡೆ.

ಈಗ ಉಮ್ ಸಕರ್ ಬಗ್ಗೆ. ಹೌದು, ನಮ್ಮ ಮನೆಮನೆಗೆ ಬಟ್ಟೆ ಗಂಟು ಹೊತ್ತು ಬರುವ ಅದೇ ದಲ್ಲಾಲಾ. ನಿಮ್ಮ ಬೂ ಸಕರ್ ಅವಳ ಗಂಡ. ನೀವು ಇಷ್ಟು ತಿಂಗಳು ಅವನ ಜೊತೆ ವ್ಯಾಪಾರ ಮಾಡಿದಿರಿ, ಅವನ ಹೆಂಡತಿ ಯಾರು ಎಂದು ಕೇಳಲಿಲ್ಲ. ಮರ್ಯಾದಸ್ಥರು ಹೆಂಗಸರ ವಿಷಯ ಕೇಳುವುದಿಲ್ಲವಲ್ಲ! ಮಧ್ಯಾಹ್ನದ ನಮಾಜಾದ ಮೇಲೆ ನಾವು ಆರು ಜನ ಹೆಂಗಸರು ಸೇರುವಲ್ಲಿಗೆ ಅವಳು ಬರುತ್ತಿದ್ದಳು. ಗಂಟಿನಲ್ಲಿ ಮೇಲೆ ರೇಷ್ಮೆ, ನಡುವೆ ಲೇಸು, ಕೆಳಗೆ ಷೇರು ಪತ್ರ. "ತಾಯೀ, ಗಂಡಸರು ಮಾತ್ರ ಉದ್ಧಾರ ಆಗ್ಬೇಕಾ? ನನ್ನ ಯಜಮಾನ್ರು ಅಲ್ಲಿ ಕೂತಿರ್ತಾರೆ. ನೀವು ಹೇಳಿದ್ದು ಕೊಳ್ತಾರೆ, ಹೇಳಿದ್ದು ಮಾರ್ತಾರೆ. ಸಾವಿರಕ್ಕೆ ಎರಡು ದಿನಾರು ನನಗೆ" ಎನ್ನುತ್ತಿದ್ದಳು. ನಾನು ಹಿಮಗಡ್ಡೆ ಬೇಕು ಎಂದೆ. ನನ್ನ ಖಾತೆಯ ಚೆಕ್ಕು ಬರೆದೆ. ತಾರೀಖು ಡಿಸೆಂಬರಿನದು. ಅಷ್ಟು ದುಡ್ಡು ಖಾತೆಯಲ್ಲಿ ಇರಲಿಲ್ಲ, ಆದರೆ ಡಿಸೆಂಬರಿಗೆ ಇನ್ನೂ ಎಂಟು ತಿಂಗಳಿತ್ತು.

ಅರ್ಥವಾಯಿತೇ? ನೀವು ಎರಡು ದಿನ ಹೊಗಳಿದ ಎದೆಗಾರಿಕೆ ನನ್ನದು. ಬೂ ಸಕರ್ ಮಾತಾಡದೆ ಇದ್ದದ್ದು ಗಾಂಭೀರ್ಯದಿಂದಲ್ಲ, ಮಾತಾಡಿದರೆ ಹೆಂಡತಿ ಹೇಳಿಕೊಟ್ಟದ್ದು ಮರೆತುಹೋಗುತ್ತದೆ ಎಂದು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಬೂ ಸಕರ್‌ನಂಥವನು ಕೊಳ್ಳುತ್ತಿದ್ದಾನೆ ಅಂದ ಮೇಲೆ ಏನೋ ಇರಬೇಕು ಎಂದು ನಿಮಗೆ ಅನಿಸಿತು. ಜೂನ್‌ನಲ್ಲಿ ನೀವು ಅವನಿಂದಲೇ ಒಂಬತ್ತು ದಿನಾರಿಗೆ ವಾಪಸ್ ಕೊಂಡಿರಿ. ನನ್ನ ಷೇರನ್ನು! ನಿಮ್ಮ ಚೆಕ್ಕಿನ ಹಿಂದೆ ಸಹಿ ಹಾಕಿ ಬೂ ಸಕರ್ ಅದನ್ನು ನನಗೆ ದಾಟಿಸಿದ. ಅದರಲ್ಲಿ ನಿಮ್ಮ ಸಹಿ ನೋಡಿ ನನಗೆ ನಗು ಬರಬೇಕಾಗಿತ್ತು. ಬಂದದ್ದು ಹೆಮ್ಮೆ. ನನ್ನ ಗಂಡ, ಎಲ್ಲ ಬಲ್ಲವನು, ಒಂಬತ್ತು ಕೊಟ್ಟು ಕೊಳ್ಳುತ್ತಿದ್ದಾನೆ ಅಂದರೆ ನಾನು ಮಾರಬಾರದಾಗಿತ್ತು ಎಂದುಕೊಂಡೆ. ಜುಲೈನಲ್ಲಿ ಮತ್ತೆ ಹನ್ನೊಂದಕ್ಕೆ ಕೊಂಡೆ, ಮಾರಿದವರು ನೀವೇ ಎಂದು ಗೊತ್ತಿಲ್ಲದೆ. ಆಗಸ್ಟಿನ ಮೊದಲ ವಾರ ನೀವು ಹದಿನಾಲ್ಕಕ್ಕೆ ವಾಪಸ್ ತೆಗೆದುಕೊಂಡಿರಿ.

ಆ ತಿಂಗಳುಗಳಲ್ಲಿ ನಾವಿಬ್ಬರೂ ಎಷ್ಟು ಖುಷಿಯಾಗಿದ್ದೆವು, ನೆನಪಿದೆಯೇ? ಊಟಕ್ಕೆ ಕುಳಿತು ಒಬ್ಬರನ್ನೊಬ್ಬರು ನೋಡಿ ಒಳಗೊಳಗೇ ನಗುತ್ತಿದ್ದೆವು. ನೀವು ನನಗೆ ಹೇಳದೆ ಸಾಹುಕಾರರಾಗಿದ್ದಿರಿ, ನಾನು ನಿಮಗೆ ಹೇಳದೆ ಆಗಿದ್ದೆ. ಇಡೀ ಅರಬ್ ಕೊಲ್ಲಿಯಲ್ಲಿ ಹಿಮಗಡ್ಡೆಯನ್ನು ಕೊಳ್ಳುತ್ತಿದ್ದವರು, ಮಾರುತ್ತಿದ್ದವರು ಹೆಚ್ಚಾಗಿ ನಾವಿಬ್ಬರೇ ಎಂದು ಈಗ ಗೊತ್ತಾಗಿದೆ. ನೀವು ದಿವಾನಿಯಾದಲ್ಲಿ "ಮಾರುಕಟ್ಟೆಗೆ ಅದರದೇ ಬುದ್ಧಿ" ಎಂದಿರಲ್ಲ, ಆ ಬುದ್ಧಿ ಪರದೆಯ ಹಿಂದೆ ನಿಂತು ಬೆಂಡೆಕಾಯಿ ಹೆಚ್ಚುತ್ತಿತ್ತು.

ನನಗೆ ಇದೆಲ್ಲ ಹೇಗೆ ಗೊತ್ತಾಯಿತು ಎಂದು ಕೇಳುತ್ತೀರಿ. ಕಳೆದ ಮಂಗಳವಾರ ನೋಂದಣಿ ಕಚೇರಿಗೆ ಹೋದೆ. ಹೇಳದೆ ಹೋದದ್ದಕ್ಕೆ ಕ್ಷಮಿಸಿ, ಹೇಳಲು ನೀವಿರಲಿಲ್ಲ. ನನ್ನ ಹತ್ತಿರ ಇದ್ದ ಚೆಕ್ಕುಗಳನ್ನು ದಿಂಬಿನ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಅಲ್ಲಿ ನೋಡಿದರೆ ಅರ್ಧ ಊರೇ ದಿಂಬಿನ ಚೀಲ ಹಿಡಿದು ನಿಂತಿದೆ. ಒಬ್ಬರು ಬೇಬಿ ಪೌಡರಿನ ಡಬ್ಬದಲ್ಲಿ ತಂದಿದ್ದರು, ಇನ್ನೊಬ್ಬರು ಅಕ್ಕಿ ಮೂಟೆಯಲ್ಲಿ. ದೊಡ್ಡ ದೊಡ್ಡ ಮನೆತನದವರು, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನೀವು ಹೇಳಿದ ಮುಖ ಮಾರಿಕೊಳ್ಳುವ ಕೆಲಸ ಅಲ್ಲಿ ಸಾಲಾಗಿ ನಡೆಯುತ್ತಿತ್ತು. ಯಾರೂ ಸತ್ತಿಲ್ಲ. ನೀರು ಕೊಟ್ಟರು, ಫ್ಯಾನ್ ಇತ್ತು.

ಕೌಂಟರಿನಲ್ಲಿ ಇದ್ದವಳು ಅನ್ವಾರ್ ಎಂಬ ಹುಡುಗಿ. ನಿಮ್ಮ ಶಾಲೆಯ ಲೆಕ್ಕದ ಮೇಷ್ಟ್ರ ಮಗಳು. ಅಗಲವಾದ ಕಾಗದ ಹಾಸಿಕೊಂಡು, ಯಾರು ಯಾರಿಗೆ ಕೊಡಬೇಕು ಎಂದು ಗೆರೆ ಎಳೆಯುತ್ತಿದ್ದಳು. ಬೂ ಸಕರ್‌ನನ್ನು ಹೆಂಡತಿ ಹಿಂದಿನ ದಿನವೇ ಎಳೆದು ತಂದು, ಅವನ ಹತ್ತಿರ ಇದ್ದ ಚೆಕ್ಕು, ಅವನು ಬರೆದುಕೊಟ್ಟ ಚೆಕ್ಕಿನ ಪಟ್ಟಿ ಎಲ್ಲ ಕೊಡಿಸಿದ್ದಳಂತೆ. ನನ್ನ ಚೆಕ್ಕು ನೋಡಿ ಅನ್ವಾರ್ ಪೆನ್ಸಿಲ್ ಕೆಳಗಿಟ್ಟಳು.

"ಚಿಕ್ಕಮ್ಮ, ತಪ್ಪು ತಿಳ್ಕೋಬೇಡಿ. ನೀವು ಮರ್ಜೂಕ್ ಮೇಷ್ಟ್ರ ಮನೆಯವರಲ್ವಾ?"

"ಹೌದು."

"ಒಂದೇ ಮನೇಲಿ ಇರೋದಾ?"

"ಸದ್ಯಕ್ಕೆ ನಾನೊಬ್ಬಳೇ ಇದ್ದೀನಿ."

ಆ ಹುಡುಗಿ ಕಾಗದವನ್ನು ನನ್ನ ಕಡೆ ತಿರುಗಿಸಿದಳು. ಮೂರು ಚುಕ್ಕೆ. ನನ್ನಿಂದ ಬೂ ಸಕರ್‌ಗೆ ಗೆರೆ, ಬೂ ಸಕರ್‌ನಿಂದ ನಿಮಗೆ ಗೆರೆ, ನಿಮ್ಮಿಂದ ನನಗೆ ಗೆರೆ. "ನೋಡಿ ಚಿಕ್ಕಮ್ಮ, ನಿಮ್ಮ ಅಡುಗೆಮನೆಯಿಂದ ಹೊರಟಿದ್ದು ಮೇಷ್ಟ್ರ ದಿವಾನಿಯಾಕ್ಕೆ ಬಂದಿದೆ. ಅಲ್ಲಿಂದ ಮತ್ತೆ ಅಡುಗೆಮನೆಗೆ. ನಾಲ್ಕು ಲಕ್ಷದ ಮೇಲೆ ದಿನಾರು, ಮನೆ ಬಾಗಿಲು ದಾಟಿ ಒಂದು ಸುತ್ತು ವಾಕಿಂಗ್ ಹೋಗಿ ಬಂದಿದೆ ಅಷ್ಟೆ" ಎಂದಳು. ನಾನು ಆ ಗೆರೆಗಳ ಮೇಲೆ ಬೆರಳಿಟ್ಟು ಒಂದು ಸುತ್ತು ಹೋಗಿ ಬಂದೆ. ಆಮೇಲೆ ನಗು ಬಂತು. ನಿಲ್ಲಿಸಲಾಗದ ನಗು. ಹಿಂದಿನ ಸಾಲಿನವರು ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಂಡು ನನಗೆ ನೀರು ತಂದರು.

ಮರ್ಜೂಕ್, ಯಾರ ಸಾಲಕ್ಕೆ ಹೆದರಿ ನೀವು ಸಮುದ್ರ ದಾಟಿ ಅಡಗಿದ್ದೀರೋ, ಅವಳೇ ಈ ಪತ್ರ ಬರೆಯುತ್ತಿರುವುದು. ಆ ಹೆಸರಿಲ್ಲದ ಸಾಲಗಾರ ಪೊಲೀಸರನ್ನು ಕಳಿಸುತ್ತಾನೆ ಎಂದು ನೀವು ನಿದ್ದೆ ಬಿಟ್ಟಿರಂತೆ. ಅವನು ಮಾತ್ರೆ ಮತ್ತು ಕಾಫಿಪುಡಿ ಕಳಿಸಿದ್ದಾನೆ.

ಆದರೆ ಒಂದು ಗೆರೆ ಇನ್ನೂ ಗಟ್ಟಿಯಾಗಿಲ್ಲ. ಅನ್ವಾರ್ ಬೆರಳಿಟ್ಟು ತೋರಿಸಿದಳು. ಬೂ ಸಕರ್ ನಿಮಗೆ ಬರೆದುಕೊಟ್ಟ ಚೆಕ್ಕುಗಳನ್ನು ನೀವು ಕೈಯಾರೆ ತಂದು ಸಹಿ ಹಾಕಬೇಕು. ಆಗ ಮೂರು ಕಡೆಯೂ ಹೊಡೆದುಹೋಗಿ, ಬೂ ಸಕರ್‌ನ ದಲ್ಲಾಳಿ ಹಣ ಮಾತ್ರ, ಸಾವಿರ ದಿನಾರಿಗೂ ಕಡಿಮೆ, ಉಳಿಯುತ್ತದೆ. ಅದನ್ನು ನನ್ನ ಡಾಬು ಮಾರಿ ಕೊಡುತ್ತೇನೆ. ನೀವು ಬಾರದಿದ್ದರೆ ಅವನು ನಿಮಗೆ ಕೊಡಬೇಕಾದದ್ದು ಸೊನ್ನೆ, ನಾನು ಅವನಿಗೆ ಕೊಡಬೇಕಾದದ್ದು ಪೂರ್ತಿ. ಅವನು ಬೇರೆ ಹತ್ತು ಜನರಿಗೆ ಕೊಡಬೇಕು, ಬಿಟ್ಟುಬಿಡು ಎಂದರೂ ಬಿಡುವ ಹಾಗಿಲ್ಲ. ಬುಧವಾರ ಒಂದು ಗಂಟೆ ದಾಟಿದರೆ ಈ ಮನೆ ಹರಾಜಿಗೆ. ನಿಮ್ಮ ಮರ್ಯಾದೆಯನ್ನು ಉಳಿಸಿಕೊಂಡು ನೀವು ಅಕ್ಕನ ಮನೆಯಲ್ಲಿ ಇರಬಹುದು, ನನ್ನನ್ನೂ ಅಲ್ಲಿಗೇ ಕರೆಸಿಕೊಳ್ಳಬೇಕಾಗುತ್ತದೆ. ಶಾಹಾ ಅಕ್ಕನನ್ನು ಒಮ್ಮೆ ಕೇಳಿ ನೋಡಿ.

ಚೆಕ್ಕು ಎಲ್ಲಿದೆಯೋ ಮರೆತಿದ್ದೇನೆ ಎನ್ನಬೇಡಿ. ಮನೆ ಬಿಟ್ಟು ಹೋಗುವ ಗಂಡಸು ಬಟ್ಟೆ ಒಯ್ಯುತ್ತಾನೆ, ಬೆಡ್‌ಶೀಟು ಒಯ್ಯುತ್ತಾನೆ. ನೀವು ಶಾಲೆಯ ಹಳೆಯ ಭೂಮಿಯ ಗೋಳ ಕಂಕುಳಲ್ಲಿ ಇಟ್ಟುಕೊಂಡು ಫೆರ್ರಿ ಹತ್ತಿದಿರಿ. ಅದು ಸಮಭಾಜಕ ವೃತ್ತದಲ್ಲಿ ಎರಡು ಹೋಳಾಗಿ ಬಿಚ್ಚುತ್ತದೆ ಎಂದು ನನಗೆ ನಮ್ಮ ಮದುವೆಯ ಮೊದಲ ವರ್ಷದಿಂದ ಗೊತ್ತು. ಆಗ ಅದರಲ್ಲಿ ಸಿಗರೇಟು ಇಡುತ್ತಿದ್ದಿರಿ.

ನೀವೀಗ ವಾದಕ್ಕೆ ಇಳಿಯುತ್ತೀರಿ, ನನಗೆ ಗೊತ್ತು. ನಮ್ಮ ನಡುವಿನ ವ್ಯವಹಾರಕ್ಕೆ ಸರ್ಕಾರದವರು ಯಾರು, ನಮ್ಮ ತಾತಂದಿರು ಮುತ್ತಿನ ವ್ಯಾಪಾರವನ್ನು ಕೈ ಮೇಲೆ ಬಟ್ಟೆ ಮುಚ್ಚಿ ಬೆರಳು ಹಿಡಿದು ಮಾಡಲಿಲ್ಲವೇ ಎನ್ನುತ್ತೀರಿ. ಮಾಡಿದರು. ಆದರೆ ಬಟ್ಟೆಯ ಕೆಳಗೆ ಎರಡು ಕೈ ಇರುತ್ತಿತ್ತು, ಪಕ್ಕದಲ್ಲಿ ಮುತ್ತು ಇರುತ್ತಿತ್ತು. ನಿಮ್ಮ ಕಟ್ಟಡದಲ್ಲಿ ಬರೀ ಬಟ್ಟೆ ಇತ್ತು. ನಾನು ನಿನ್ನೆ ಪಕ್ಕದ ಮನೆಯವಳಿಗಾಗಿ ಮೀನು ಕೊಳ್ಳಲು ಹೋದೆನಲ್ಲ, ಅಲ್ಲಿ ನಗರಸಭೆಯ ಇನ್‌ಸ್ಪೆಕ್ಟರ್ ಒಬ್ಬ ಪ್ರತಿ ಬುಟ್ಟಿಯಲ್ಲೂ ಮೀನಿನ ಕಿವಿರು ಎತ್ತಿ ನೋಡುತ್ತಿದ್ದ, ತಕ್ಕಡಿಯ ಕೆಳಗೆ ಕೈ ಹಾಕಿ ಆಯಸ್ಕಾಂತ ಹುಡುಕುತ್ತಿದ್ದ. ಮೀನುಗಾರ ಯಾರೂ ಅವಮಾನ ಎಂದು ದ್ವೀಪಕ್ಕೆ ಓಡಿಹೋಗಲಿಲ್ಲ. ಅರ್ಧ ದಿನಾರಿನ ಮೀನಿಗೆ ಒಬ್ಬ ನೋಡುವವನು ಬೇಕು, ನಾಲ್ಕು ಲಕ್ಷದ ಕಾಗದಕ್ಕೆ ಬೇಡವೇ? ಯಾವನಾದರೂ ಒಬ್ಬ ಏಪ್ರಿಲ್‌ನಲ್ಲೇ ನಮ್ಮ ಹಿಮಗಡ್ಡೆಯ ಕಿವಿರು ಎತ್ತಿದ್ದರೆ ಅಲ್ಲೇ ಮೂಗು ಮುಚ್ಚಿಕೊಳ್ಳುತ್ತಿದ್ದ.

ಸರ್ಕಾರವನ್ನು ನಾನು ಹೊಗಳುತ್ತಿಲ್ಲ. ಅವರು ಒಂದು ವರ್ಷ ಬಾಗಿಲಲ್ಲೇ ನಿಂತು ಆಕಳಿಸಿದರು. ಎಷ್ಟೋ ದೊಡ್ಡವರು ತಾವೂ ಒಳಗೆ ಹೋಗಿ ಕೊಂಡರು ಎಂದು ಜನ ಹೇಳುತ್ತಾರೆ. ಈಗ ಎಲ್ಲ ಬಿದ್ದ ಮೇಲೆ ಕೌಂಟರ್ ತೆರೆದಿದ್ದಾರೆ. ದೊಡ್ಡವರ ಗುಂಡಿಯನ್ನು ಎಲ್ಲರ ದುಡ್ಡಿನಿಂದ ಮುಚ್ಚುತ್ತಾರೋ ಏನೋ, ಆಗ ನಾನೇ ಮೊದಲು ಬಯ್ಯುತ್ತೇನೆ. ಆದರೂ ಆ ಅಗಲವಾದ ಕಾಗದವನ್ನು ಹಾಸಲು ಸರ್ಕಾರಕ್ಕೆ ಬಿಟ್ಟರೆ ಇನ್ಯಾರಿಗೆ ಆಗುತ್ತಿತ್ತು? ನಿಮಗೆ ನಿಮ್ಮ ತುಂಡು ಗೊತ್ತಿತ್ತು, ನನಗೆ ನನ್ನದು. ಒಂದೇ ತಟ್ಟೆಯಲ್ಲಿ ಉಣ್ಣುವ ಗಂಡ ಹೆಂಡಿರಿಗೇ ಕಾಣದ್ದು ಇನ್ನೂರು ಫಿಲ್ಸಿನ ಪೆನ್ಸಿಲ್ ಹಿಡಿದ ಒಂದು ಹುಡುಗಿಗೆ ಕಂಡಿತು.

ಇನ್ನೊಂದು ಬೇಡಿಕೆ. ನಿಮ್ಮ ಚೆಕ್ಕನ್ನು ತಾರೀಖಿಗೆ ಮೊದಲೇ ಬ್ಯಾಂಕಿಗೆ ಹಾಕಿದವನ ಬಗ್ಗೆ. ಯಾವ ತಾರೀಖು ಬರೆದಿದ್ದರೂ ಕೊಟ್ಟ ದಿನವೇ ಬ್ಯಾಂಕು ಹಣ ಕೊಡಬೇಕು ಎಂಬುದು ಕಾನೂನು. ಹಾಗೆ ಮೊದಲೇ ಹಾಕುವುದು ಎದುರಿಗಿರುವವನ ಕೆನ್ನೆಗೆ ಹೊಡೆದಂತೆ ಎಂಬುದು ನಿಮ್ಮ ರೂಢಿ. ಬ್ಯಾಂಕಿನವರು ಫೋನ್ ಮಾಡಿ ಖಾತೆಯಲ್ಲಿ ಹಣವಿಲ್ಲ ಎಂದ ದಿನ ನೀವು ಬೆವರಿ ಕುಳಿತಿರಿ, ಸಂಜೆಗೆ ಊರು ಬಿಟ್ಟಿರಿ. ಚೆಕ್ಕು ಕೈಯಿಂದ ಕೈಗೆ ದಾಟಿ ಬೂ ಮಿಶಾರಿಯವರಿಗೆ ಸೇರಿರಬೇಕು, ಹಾಕಿದ್ದು ಅವರೇ ಎಂದು ನಂಬಿ, ಮೂವತ್ತು ವರ್ಷದ ಸ್ನೇಹಿತನಿಗೆ ಸಲಾಮೂ ಹೇಳದೆ, ಅವರ ಕಾಫಿ ಕೂಜೆಯನ್ನು ವಾಪಸ್ ಕಳಿಸಿದಿರಿ. ಪಾಪ, ಆ ಮನುಷ್ಯ ದಿನಾ ಬಾಗಿಲಿಗೆ ಬಂದು, "ಅವನು ಕ್ಷೇಮವಾ? ನಾನೇನು ತಪ್ಪು ಮಾಡ್ದೆ?" ಎಂದು ಕೇಳಿ ಹೋಗುತ್ತಾರೆ. ಅವರಲ್ಲ, ಮರ್ಜೂಕ್. ಆಣೆ ಮಾಡಿ ಹೇಳುತ್ತೇನೆ. ನನಗೆ ಹೇಗೆ ಗೊತ್ತು ಎಂದು ಈಗ ಕೇಳಬೇಡಿ. ಮತ್ತು "ಹಾಕಿದವನ ಮನೆ ಹಾಳಾಗಲಿ" ಎಂದು ದಿನಕ್ಕೆ ಐದು ಸಲ ಶಪಿಸುತ್ತೀರಂತೆ. ದಯವಿಟ್ಟು ನಿಲ್ಲಿಸಿ. ಯಾರ ಮನೆಯೋ ಏನೋ, ಶಾಪ ತಟ್ಟಿಬಿಟ್ಟರೆ ಕಷ್ಟ.

ಬೋರೆ ಹಣ್ಣು ಈ ಸಲ ಬೇಗ ಬಿಡುವಂತೆ ಕಾಣುತ್ತದೆ. ಮನೆಯಲ್ಲಿ ಬೆಳಿಗ್ಗೆ ಯಾರೂ ರೇಡಿಯೋದ ಜೊತೆ ಜಗಳವಾಡುವುದಿಲ್ಲ, ಅಷ್ಟು ನಿಶ್ಶಬ್ದ ನನಗೆ ಹಿಡಿಸುವುದಿಲ್ಲ. ದುಡ್ಡಿದ್ದಾಗ ನಿಮ್ಮ ಮೇಲೆ ಸ್ವಲ್ಪ ಸಿಟ್ಟಿತ್ತು, ಈಗ ಇಲ್ಲ. ನನಗೆ ನೀವು ಬೇಕು, ಗೋಳದ ಸಮೇತ. ಬಂದಾಗ ಹಜಾರದಲ್ಲಿ ಬಾಗಿ ತೆವಳಬೇಕಾಗಿಲ್ಲ, ನೆಟ್ಟಗೆ ನಡೆದು ಬರಬಹುದು. ಅದೇಕೆ ಎಂದು ಕೆಳಗೆ ಬರೆದಿದ್ದೇನೆ.

ಮಾತ್ರೆ ಊಟವಾದ ಮೇಲೆ ಒಂದು, ಪತ್ರ ಓದಿದ ಮೇಲೆ ಇನ್ನೊಂದು.

ನಿಮ್ಮ ಹೆಂಡತಿ, ನಿಮ್ಮ ಗಿರಾಕಿ, ನಿಮ್ಮ ಸಾಲಗಾರಳು,
ಸಬೀಕಾ

ವಿ.ಸೂ.: ಸಹಿ ಹಾಕಿ ಮಡಚಿದ್ದೆ, ಮತ್ತೆ ಬಿಚ್ಚಿದೆ. ಬೂ ಮಿಶಾರಿಯವರ ಮುಖ ಕಣ್ಣ ಮುಂದೆ ಬಂತು. ನಿಮ್ಮ ಚೆಕ್ಕನ್ನು ತಾರೀಖಿಗೆ ಮೊದಲೇ ಬ್ಯಾಂಕಿಗೆ ಹಾಕಿದವಳು ನಾನು. ನಿಮಗೆ ಅವಮಾನ ಮಾಡಲೆಂದಲ್ಲ. ನನ್ನ ಹತ್ತಿರ ಇದ್ದ ನಿಮ್ಮ ಚೆಕ್ಕುಗಳಲ್ಲಿ ಅದೇ ಎಲ್ಲಕ್ಕಿಂತ ಚಿಕ್ಕದು, ಆರು ಸಾವಿರ ದಿನಾರಿನದು. ನಮ್ಮ ಮದುವೆಯ ದಿನದಿಂದ ನೀವು ಸ್ವಂತ ದೋಣಿ, ಸ್ವಂತ ದೋಣಿ ಎನ್ನುತ್ತಿದ್ದಿರಲ್ಲ, ಅದಕ್ಕೆ ಸರಿಯಾಗಿ ಆರು ಸಾವಿರ ಬೇಕಾಗಿತ್ತು. ಇಷ್ಟೊಂದು ಸಾಹುಕಾರನ ಖಾತೆಯಲ್ಲಿ ಅಷ್ಟೂ ಇರುವುದಿಲ್ಲ ಎಂದು ನನಗೆ ಹೇಗೆ ಹೊಳೆಯಬೇಕು?

ಆದರೆ ಮಾತು ಕೊಟ್ಟಾಗಿತ್ತು. ದೋಣಿ ಕಟ್ಟುವ ಉಸ್ತಾದ್ ಮನ್ಸೂರರ ತಮ್ಮ ಮದುವೆ ಛತ್ರ ಕಟ್ಟಿಸುತ್ತಿದ್ದಾನೆ, ಎತ್ತರದ ಚಾವಣಿ. ಗುರುವಾರ ಆರು ಜನ ಬಂದು, ದೋಣಿಯ ಬೆಲೆಗೆ ಬದಲಾಗಿ ನಿಮ್ಮ ದೀಪದ ಗೊಂಚಲನ್ನು ಇಳಿಸಿ ಒಯ್ದರು. ಹೊಸ ದೋಣಿ ಸಿಗಲಿಲ್ಲ, ಹಳೆಯದು, ಎಡಗಡೆ ಒಂದು ತೇಪೆ ಇದೆ. ನಾನೇ ಹೋಗಿ ಹಲಗೆ ಹಲಗೆ ತಟ್ಟಿ ನೋಡಿದೆ, ನೀರಿಗೆ ಇಳಿಸಿ ಒಂದು ಗಂಟೆ ಕಾದೆ, ಬಂದರಿನ ಇನ್‌ಸ್ಪೆಕ್ಟರ್ ಮೊಹರು ಹಾಕಿದ ಮೇಲೆಯೇ ಒಪ್ಪಿಕೊಂಡೆ.

ಈಗ ಕಿಟಕಿಯಿಂದ ನೋಡಿ, ಅಲ್ಲ, ಅಡಗಿದ್ದು ಸಾಕು, ಹೊರಗೆ ಬಂದು ನೋಡಿ. ಅಲ್ಲೂಶ್ ಈ ಪತ್ರ ತಂದದ್ದು ಅದರಲ್ಲೇ. ಅವನು ಇವತ್ತಿನ ಫೆರ್ರಿಯಲ್ಲಿ ವಾಪಸ್ ಬಂದುಬಿಡುತ್ತಾನೆ. ದೋಣಿಯನ್ನು ನೀವೇ ನಡೆಸಿಕೊಂಡು ಬರಬೇಕು, ಬುಧವಾರದೊಳಗೆ. ದಾರಿಯಲ್ಲಿ ಒಂದೇ ಒಂದು ಮೀನನ್ನಾದರೂ ಹಿಡಿಯಿರಿ, ಪಕ್ಕದ ಮನೆಯವಳು ಗೋಡೆಯ ಹತ್ತಿರವೇ ನಿಂತಿರುತ್ತಾಳೆ.